ಎಲೆ ನೋಡುವ ಆ್ಯಪ್: ಎರಡೂವರೆ ವರ್ಷದ ಬಳಕೆಯ ನಂತರ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟ ಪಹಣಿಯ ಪ್ರಕಾರ 4 ಎಕರೆ 20 ಗುಂಟೆ. ಹೆಚ್ಚಿನ ಪಾಲು ಅರೇಬಿಕಾ, ಕೆಳಗಿನ ಹಳ್ಳದ ಬದಿ ರೊಬಸ್ಟಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. ಕೃತಕ ಬುದ್ಧಿಮತ್ತೆಯಿಂದ ಗಿಡದ ರೋಗ ಹೇಳುವ ಆ್ಯಪ್ ಒಂದನ್ನು ಎರಡೂವರೆ ವರ್ಷದಿಂದ ಬಳಸುತ್ತಿದ್ದೇನೆ. ಹೆಸರು ಬರೆಯುವುದಿಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಎಲೆ ತುಕ್ಕು ರೋಗವನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ ಎಲೆಯನ್ನು ಮಗುಚಿ, ಅಡಿಯಲ್ಲಿರುವ ಕಿತ್ತಳೆ ಪುಡಿ ಕಾಣುವಂತೆ ಚಿತ್ರ ತೆಗೆಯಬೇಕು. ಮೇಲ್ಭಾಗ ತೋರಿಸಿದರೆ ಬಾಯಿಗೆ ಬಂದದ್ದು ಹೇಳುತ್ತದೆ. ಉತ್ತರ ಕನ್ನಡದಲ್ಲೇ ಬರುತ್ತದೆ, ಅದೂ ಓದುವಂಥ ಕನ್ನಡದಲ್ಲಿ.

ಬೋರರ್, ಅಂದರೆ ಕಾಂಡ ಕೊರೆಯುವ ಹುಳದ ವಿಷಯದಲ್ಲಿ ಮಾತ್ರ ಇದನ್ನು ನೆಚ್ಚಬೇಡಿ. ಕಳೆದ ವರ್ಷ ಏಳೆಂಟು ಗಿಡ ಹಳದಿಗೆ ತಿರುಗಿದವು. ಚಿತ್ರ ಕಳಿಸಿದೆ, ಸಾರಜನಕದ ಕೊರತೆ, ಯೂರಿಯಾ ಕೊಡಿ ಎಂದಿತು. ನಾನು ಮೂಟೆ ಬಿಚ್ಚುವ ಹೊತ್ತಿಗೆ, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕ ಬುಡದ ಹತ್ತಿರ ಕೂತು ಕಾಂಡವನ್ನು ಅಂಗೈಯಿಂದ ಸವರಿದರು. "ಗೊಬ್ಬರ ಯಾರಿಗೆ ಹಾಕುತ್ತೀರಿ ಅಣ್ಣ, ಹುಳಕ್ಕೋ?" ಎಂದರು. ಸವರಿ ನೋಡಿದೆ: ತೊಗಟೆಯ ಮೇಲೆ ಬಳೆಯಂಥ ಉಬ್ಬುಗಳು. ಕಡಿದು ಸೀಳಿದಾಗ ಒಳಗೆ ಬಿಳಿ ಹುಳ. ಅಂಗೈಗೆ ತಿಳಿದದ್ದು ಕ್ಯಾಮೆರಾಗೆ ತಿಳಿಯಲಿಲ್ಲ. ಇಷ್ಟಾದರೂ ಆ್ಯಪ್ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎಂಥ ಹಳೆಯ ಬೆಳೆಗಾರನೂ ಒಮ್ಮೊಮ್ಮೆ ತಪ್ಪುತ್ತಾನೆ.

ಸಿಟ್ಟು ಬಂದದ್ದು ಬೇರೆಯದಕ್ಕೆ. ಮೊದಲ ದಿನವೇ ಇದು ಕೇಳಿದ ಅನುಮತಿಗಳು: ಕ್ಯಾಮೆರಾ ಸರಿ, ಸ್ಥಳ ಇರಲಿ, ಮೈಕ್, ಜೊತೆಗೆ ಫೋನಿನಲ್ಲಿರುವ ಎಲ್ಲ ಹೆಸರು, ನಂಬರು. ಕಾಫಿ ಎಲೆ ನೋಡುವುದಕ್ಕೆ ನನ್ನ ಷಡ್ಡಕನ ನಂಬರು ಏಕೆ ಬೇಕು? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಎಲೆ ನೋಡುತ್ತಿದೆ. ಅಲ್ಲಿ ಯಾರೂ ಷಡ್ಡಕನನ್ನು ವಿಚಾರಿಸಿಲ್ಲ. ಆದರೂ ಒಪ್ಪಿಗೆ ಒತ್ತಿದೆ. ಮಳೆ ಬರುತ್ತಿತ್ತು, ಅವಸರವಿತ್ತು. ಷರತ್ತುಗಳು ಇಂಗ್ಲಿಷಿನಲ್ಲಿದ್ದವು. ರೋಗ ಹೇಳುವಾಗ ಬರುವ ಕನ್ನಡ ಅಲ್ಲಿಗೆ ಬರುವಾಗ ಎಲ್ಲಿ ಹೋಯಿತೋ.

ತೋಟದ ವಿಸ್ತೀರ್ಣ ತುಂಬಲು ಒಂದೇ ಚೌಕವಿತ್ತು, ಗುಂಟೆಗೆ ಜಾಗವಿರಲಿಲ್ಲ. ಅಭ್ಯಾಸಬಲದಿಂದ 4.20 ಎಂದು ತುಂಬಿದೆ. ಎಕರೆಗೆ 40 ಗುಂಟೆಯಾದ್ದರಿಂದ ಅದು 4.5 ಆಗಬೇಕಿತ್ತು, ತಿದ್ದುವ ಗೋಜಿಗೆ ಹೋಗಲಿಲ್ಲ. ಕೊಯ್ಲಿನ ಅಂದಾಜನ್ನೂ ತುಂಬಿದ ಮೇಲೆ, ಎರಡು ವಾರದೊಳಗೆ ಸಾಲ ಕೊಡುವವರೊಬ್ಬರ ಫೋನ್ ಬಂತು. "ಸರ್, ನಿಮ್ಮದು ನಾಲ್ಕು ಪಾಯಿಂಟ್ ಎರಡು ಎಕರೆ ಅಲ್ಲವೇ?" ಪಹಣಿಯಲ್ಲಿ ಹಾಗಿಲ್ಲ, ಬ್ಯಾಂಕಿನಲ್ಲಿ ಹಾಗಿಲ್ಲ, ಸೊಸೈಟಿಯಲ್ಲಿಯೂ ಇಲ್ಲ. ಆ ತಪ್ಪು ಅಂಕಿಯನ್ನು ನಾನು ಬರೆದದ್ದು ಒಂದೇ ಕಡೆ. ನಂಬರು ಯಾರು ಕೊಟ್ಟರು ಎಂದೆ. ಫೋನ್ ಇಟ್ಟರು.

ಕಂಪನಿಗೆ ಬರೆದೆ. "ನಿಮ್ಮ ಖಾಸಗಿತನಕ್ಕೆ ನಾವು ಬದ್ಧರು" ಎಂಬರ್ಥದ ಇಂಗ್ಲಿಷ್ ಉತ್ತರ ಬಂತು, ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿಯೂ ಓದಲು ಅವಕಾಶವಿರಬೇಕು, ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕೂ ಇದೆ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಅಲ್ಲಿಯತನಕ ಸಾಲದವರ ಫೋನ್ ಬರುತ್ತಿರುತ್ತದೆ.

ಇನ್ನೊಂದಿದೆ. ಪ್ರತಿ ಉತ್ತರದ ಕೆಳಗೆ "ಸರಿಯೇ? ತಪ್ಪೇ?" ಎಂದು ಕೇಳುತ್ತದೆ. ನಾನು ಮೇಷ್ಟರ ಮಗ, ತಪ್ಪು ಕಂಡರೆ ತಿದ್ದದೆ ಇರಲಾಗುವುದಿಲ್ಲ. ಬೋರರ್ ಗಿಡದ ಉಬ್ಬುಗಳನ್ನೂ ಚಿತ್ರ ತೆಗೆದು ಕಳಿಸಿದೆ. ಈ ವರ್ಷ ಕಾಂಡದ ರೋಗ ಪತ್ತೆ ಹೊಸ ಸೌಲಭ್ಯವಾಗಿ ಬಂದಿದೆ, ಚಂದಾ ಕಟ್ಟಿದವರಿಗೆ ಮಾತ್ರ. ಅಕ್ಕನ ಅಂಗೈ ಹೇಳಿದ್ದನ್ನು ನನ್ನ ಕೈಯಿಂದ ಪುಕ್ಕಟೆ ಪಡೆದು ನನಗೇ ಮಾರುತ್ತಿದ್ದಾರೆ. ಖಾತೆ ಅಳಿಸಿದರೆ ಚಿತ್ರಗಳು ಹೋಗಬಹುದು. ಅವುಗಳಿಂದ ಯಂತ್ರ ಕಲಿತದ್ದನ್ನು ಹೆಕ್ಕಿ ತೆಗೆಯುವುದು ಸುಲಭವಲ್ಲ.

ಐದರಲ್ಲಿ ಎರಡು ನಕ್ಷತ್ರ, ಎರಡೂ ತುಕ್ಕು ರೋಗಕ್ಕೆ. ಆ್ಯಪ್ ತೆಗೆದಿಲ್ಲ. ಹೆಸರು, ನಂಬರು, ಮೈಕ್, ಸ್ಥಳದ ಅನುಮತಿಗಳನ್ನು ಮುಚ್ಚಿದೆ. ಎಲೆ ಈಗಲೂ ಸರಿಯಾಗಿಯೇ ನೋಡುತ್ತದೆ. ವಿಸ್ತೀರ್ಣದ ಚೌಕದಲ್ಲಿ ಈಗ 7.13 ಎಂದು ತುಂಬಿದ್ದೇನೆ. ಹೋದ ಗುರುವಾರ ಸ್ಪ್ರಿಂಕ್ಲರ್ ಮಾರುವವರೊಬ್ಬರು ಫೋನ್ ಮಾಡಿ, "ಏಳು ಎಕರೆ ಚಿಲ್ಲರೆ ಇದೆಯಲ್ಲ ಸರ್" ಎಂದರು.