ಮಂಡಿಯ ಒಳಬದಿಯ ಭಾರ ಇಳಿಸುವ ಬ್ರೇಸ್: ಮೂರು ವರ್ಷದ ಬಳಕೆಯ ನಂತರ

ಸವೆತದ ಸಂಧಿವಾತದಿಂದ ನೋಯುವ ನನ್ನ ಎಡಮಂಡಿಗೆ ಮೂರು ವರ್ಷಗಳಿಂದ ಬಳಸುತ್ತಿರುವುದು ಔಷಧಿ ಅಂಗಡಿಯಲ್ಲಿ ಸಿಗುವ ಸಾದಾ ನೀ ಕ್ಯಾಪ್ ಅಲ್ಲ. ತೊಡೆಗೊಂದು, ಮೀನಖಂಡಕ್ಕೊಂದು ಗಟ್ಟಿ ಚೌಕಟ್ಟು, ಪಕ್ಕದಲ್ಲಿ ಲೋಹದ ಕೀಲು, ಮಂಡಿಯನ್ನು ಓರೆಯಾಗಿ ಸುತ್ತುವ ಎರಡು ಪಟ್ಟಿ ಇರುವ, ಅಂಗಡಿಯವರು ಆಫ್‌ಲೋಡರ್ ಎನ್ನುವ ಬ್ರೇಸ್ ಇದು. ಕೊಂಡಾಗ 11,500 ರೂಪಾಯಿ ಕೊಟ್ಟಿದ್ದೆ. ಅದಕ್ಕೂ ಮೊದಲು ಎರಡು ವರ್ಷ ನೀ ಕ್ಯಾಪ್‌ಗಳನ್ನೇ ಹಾಕಿಕೊಂಡು ತಿರುಗಿದೆ. ಅವು ಮಂಡಿಯನ್ನು ಬೆಚ್ಚಗಿಡುತ್ತವೆ, ಹೆಜ್ಜೆ ಇಡಲು ಧೈರ್ಯ ಕೊಡುತ್ತವೆ. ಆದರೆ ಸವೆದ ಜಾಗದ ಮೇಲೆ ಬೀಳುವ ಭಾರವನ್ನು ಬೇರೆಡೆಗೆ ಸರಿಸುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ ಎಂಬುದು ಸರಿಯಾದ ತಪಾಸಣೆ ಆಗುವವರೆಗೆ ಗೊತ್ತಿರಲಿಲ್ಲ.

ನನಗೀಗ 57 ವರ್ಷ, ಮಲೆನಾಡಿನ ಅಡಿಕೆ ಕೃಷಿಕ. 34ನೇ ವಯಸ್ಸಿನಲ್ಲಿ, ಮಳೆಗಾಲದ ಒಂದು ಬೆಳಿಗ್ಗೆ, ತೋಟದ ಸಂಕ ದಾಟುವಾಗ ಜಾರಿ ಬಿದ್ದು ಇದೇ ಮಂಡಿ ತಿರುಚಿಕೊಂಡಿತ್ತು. ಊತ ಇಳಿದ ಮೇಲೆ ವಾಸಿಯಾಯಿತೆಂದು ಸುಮ್ಮನಾದೆ. ಕೀಲಿನೊಳಗೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದ ಅಥವಾ ಮೂಳೆಗಳನ್ನು ಜೋಡಿಸಿ ಹಿಡಿಯುವ ಅಸ್ಥಿರಜ್ಜುವಿಗೆ ಪೆಟ್ಟಾದ ಮಂಡಿ ಮುಂದೆ ಬೇಗ ಸವೆಯುವ ಸಂಭವ ಹೆಚ್ಚು ಎಂಬುದನ್ನು ಆಗ ಯಾರಾದರೂ ಹೇಳಿದ್ದರೆ, ತೊಡೆಯ ಸ್ನಾಯುಗಳ ವ್ಯಾಯಾಮವನ್ನು ಇಪ್ಪತ್ತು ವರ್ಷ ಮೊದಲೇ ಶುರು ಮಾಡುತ್ತಿದ್ದೆ.

ಮೊದಲು ಹೋದ ಕಡೆ ಮಲಗಿಸಿ ಎಕ್ಸ್‌ರೇ ತೆಗೆದು, ಸವೆತ ಅಷ್ಟೇನೂ ಇಲ್ಲವೆಂದು ನೋವಿನ ಮಾತ್ರೆ ಬರೆದುಕೊಟ್ಟರು. ಎರಡನೆಯ ಮೂಳೆ ವೈದ್ಯರು ಮಾತ್ರೆಯ ಮಾತೆತ್ತುವ ಮೊದಲು ನನ್ನನ್ನು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಸಿದರು. ಮಂಡಿಯ ಒಳಬದಿಯ ಕೀಲುಗೆರೆಯನ್ನು ಹೆಬ್ಬೆರಳಿನಿಂದ ಒತ್ತಿ ನೋವಿನ ಜಾಗ ಗುರುತಿಸಿದರು. ಸೊಂಟದ ಕೀಲಿನ ನೋವು ಕೆಲವೊಮ್ಮೆ ಮಂಡಿಯಲ್ಲಿ ಕಾಣಿಸಿಕೊಳ್ಳುವುದರಿಂದ ಸೊಂಟವನ್ನೂ ತಿರುಗಿಸಿ ನೋಡಿದರು. ಬೆಳಿಗ್ಗೆಯ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ಕೇಳಿದಾಗ ಹತ್ತು ನಿಮಿಷ ಎಂದೆ. ಸವೆತದ ಸಂಧಿವಾತದಲ್ಲಿ ಅದು ಸಾಮಾನ್ಯವಾಗಿ ಅರ್ಧ ಗಂಟೆ ಮೀರುವುದಿಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆರಗುವ ರುಮಟಾಯ್ಡ್ ಸಂಧಿವಾತದಲ್ಲಾದರೆ ಬಹಳ ಹೊತ್ತು ಉಳಿಯುತ್ತದೆ ಎಂದು ವಿವರಿಸಿದರು. ಆಮೇಲೆ ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಮೈಭಾರ ಬಿದ್ದಾಗ ಹೊರಬದಿಯಲ್ಲಿ ಸಂದು ಸ್ಪಷ್ಟವಾಗಿ ಉಳಿದಿತ್ತು, ಒಳಬದಿಯಲ್ಲಿ ತೆಳುವಾದ ಗೆರೆ ಮಾತ್ರ. ಎಕ್ಸ್‌ರೇಯಲ್ಲಿ ಕಾಣುವ ಸವೆತವನ್ನು ಅಳೆಯಲು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ರೂಪಿಸಿದ, 0ರಿಂದ (ಸವೆತವಿಲ್ಲ) 4ರವರೆಗಿನ (ತೀವ್ರ) ಶ್ರೇಣಿಯಲ್ಲಿ ಇದು 3. ಎಂಆರ್‌ಐ ಬೇಡವೆಂದರು, ಏಕೆಂದರೆ ಈ ವಯಸ್ಸಿನಲ್ಲಿ ನೋವೇ ಇಲ್ಲದ ಎಷ್ಟೋ ಮಂಡಿಗಳಲ್ಲೂ ಮೆನಿಸ್ಕಸ್ ಹರಿದದ್ದು ಕಾಣುತ್ತದೆ.

ಒಳಬದಿ ಸವೆದಂತೆ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ, ಬಾಗಿದಷ್ಟೂ ಭಾರ ಮತ್ತೆ ಅದೇ ಬದಿಗೆ ಬೀಳುತ್ತದೆ. ಈ ಬ್ರೇಸ್ ತೊಡೆ, ಮಂಡಿ, ಮೀನಖಂಡ ಎಂಬ ಮೂರು ಕಡೆ ಒತ್ತಿ, ಆ ಬಾಗುವಿಕೆಗೆ ಎದುರಾಗಿ ಕಾಲನ್ನು ತುಸು ತಳ್ಳುತ್ತದೆ. ಸಮತಟ್ಟಾದ ಅಂಗಳದಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಅನ್ನಿಸಲಿಲ್ಲ. ಮನೆಯಿಂದ ತೋಟಕ್ಕೆ ಇಳಿಯುವ ಕಲ್ಲು ಮೆಟ್ಟಿಲುಗಳಲ್ಲಿ ಮಾತ್ರ ಮೊದಲ ವಾರದಲ್ಲೇ ಗೊತ್ತಾಯಿತು: ಪ್ರತಿ ಮೆಟ್ಟಿಲಿಗೆ ಎರಡೂ ಪಾದ ಜೋಡಿಸಿ ಇಳಿಯುತ್ತಿದ್ದವನು ಒಂದೊಂದೇ ಪಾದವಿಟ್ಟು ಇಳಿದೆ.

ಕೊರತೆಗಳೂ ಇವೆ, ಮಳೆಗಾಲದಲ್ಲಂತೂ ಹೆಚ್ಚು. ಒಳಗಿನ ನಿಯೋಪ್ರೀನ್ ಎಂಬ ರಬ್ಬರಿನಂಥ ಮೆತ್ತೆ ಬೆವರು ಕುಡಿದು ಎರಡು ದಿನವಾದರೂ ಒಣಗುವುದಿಲ್ಲ. ಮೊದಲ ವರ್ಷ ಬಚ್ಚಲೊಲೆಯ ಮೇಲೆ ತೂಗುಹಾಕಿದ್ದಕ್ಕೆ ಅಂಚು ಸುಕ್ಕುಗಟ್ಟಿ ಚರ್ಮಕ್ಕೆ ಉಜ್ಜತೊಡಗಿತು; ಈಗ ಒಳಗೆ ತೆಳುವಾದ ಹತ್ತಿಯ ಕಾಲುಚೀಲ ತೊಟ್ಟು, ಬ್ರೇಸನ್ನು ಫ್ಯಾನಿನ ಕೆಳಗೆ ಒಣಗಿಸುತ್ತೇನೆ. ವೆಲ್ಕ್ರೋಗೆ ಹುಲ್ಲಿನ ಬೀಜ, ಅಡಿಕೆಯ ನಾರು ತುಂಬಿಕೊಂಡು ಹಿಡಿತ ಹೋಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯಬೇಕು. ಬದಲಿ ಪಟ್ಟಿಗಳನ್ನು ತಯಾರಕರು ಕಳಿಸಲು ಎರಡು ತಿಂಗಳು ತೆಗೆದುಕೊಂಡರು; ಈ ಬೆಲೆಯ ವಸ್ತುವಿಗೆ ಅದು ಒಪ್ಪತಕ್ಕದ್ದಲ್ಲ. ತೊಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂರಲಾಗದು.

ನೋವು ಇಳಿದದ್ದರ ಪೂರ್ತಿ ಶ್ರೇಯಸ್ಸನ್ನು ಬ್ರೇಸಿಗೆ ಕೊಟ್ಟರೆ ಓದುಗರಿಗೆ ಅನ್ಯಾಯವಾಗುತ್ತದೆ. ಫಿಜಿಯೋಥೆರಪಿಯವರು ಕಲಿಸಿದಂತೆ ಕಾಲನ್ನು ನೇರವಾಗಿ ಎತ್ತಿ ಹಿಡಿಯುವ, ಕುರ್ಚಿಯಿಂದ ಕೈಯೂರದೆ ಏಳುವ ವ್ಯಾಯಾಮಗಳನ್ನು ದಿನವೂ ಮಾಡುತ್ತೇನೆ. ತೂಕ 82 ಕಿಲೋದಿಂದ 75ಕ್ಕೆ ಬಂದಿದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಊರುಗೋಲನ್ನು ನೋಯುವ ಕಾಲಿನ ಕಡೆಯೇ ಹಿಡಿಯುತ್ತಿದ್ದೆ. ಹಿಡಿಯಬೇಕಾದದ್ದು ಎದುರು ಕೈಯಲ್ಲಿ, ನನ್ನ ಮಟ್ಟಿಗೆ ಬಲಗೈಯಲ್ಲಿ. ನೋವು ಹೆಚ್ಚಾದ ದಿನ ಡೈಕ್ಲೋಫಿನಾಕ್ ಜೆಲ್ ಹಚ್ಚುತ್ತೇನೆ. ಸವೆದದ್ದು ಮರಳಿ ಬೆಳೆದಿಲ್ಲ, ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಮುಂದೆ ಬೇಕಾದೀತು. ಆದರೆ ಈ ಮೂರು ವರ್ಷ ನಾನೇ ತೋಟಕ್ಕೆ ಇಳಿದಿದ್ದೇನೆ.

ಮಂಡಿಚಿಪ್ಪಿನ ಹಿಂದೆ ಸವೆತವಿರುವವರಿಗೆ ಈ ಬಗೆಯ ಬ್ರೇಸ್ ಹೊಂದುವುದಿಲ್ಲ. ಹೊರಬದಿ ಸವೆದಿದ್ದರೆ ಎದುರು ದಿಕ್ಕಿಗೆ ತಳ್ಳುವಂತೆ ಹೊಂದಿಸಿದ್ದು ಬೇಕು. ಉಬ್ಬಿದ ರಕ್ತನಾಳಗಳಿರುವವರು ವೈದ್ಯರನ್ನು ಕೇಳದೆ ಕೊಳ್ಳಬಾರದು; ತೊಟ್ಟ ಮೇಲೆ ಮೀನಖಂಡ ಊದಿ ನೋಯತೊಡಗಿದರೆ ಬಿಚ್ಚಿಟ್ಟು ಅಂದೇ ತೋರಿಸಬೇಕು. ಅಳತೆಯನ್ನು ನಿಂತುಕೊಂಡೇ ಕೊಡಿ. ಹಣ ಕೊಡುವ ಮುನ್ನ ಅರ್ಧ ಗಂಟೆ ತೊಟ್ಟು, ಅಂಗಡಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದು, ಬ್ರೇಸ್ ಕೆಳಗೆ ಜಾರುತ್ತದೆಯೇ ಎಂದು ನೋಡಿ.