ಪರದೆಗೆ ಹಣ, ಡಿಸ್ಕಿಗೆ ಜಾಗ: ಕರಡು ತಿದ್ದುವವನ ಲ್ಯಾಪ್‌ಟಾಪ್, ಎರಡು ವರ್ಷ ಕಳೆದ ಮೇಲೆ

ಪುಸ್ತಕಗಳ ಕರಡು ತಿದ್ದುವುದು ಮತ್ತು ಪುಟವಿನ್ಯಾಸ ಮಾಡುವುದು ನನ್ನ ವೃತ್ತಿ. ಧಾರವಾಡದ ಮನೆಯಲ್ಲಿ ಕುಳಿತು ದಿನಕ್ಕೆ ಏಳೆಂಟು ಗಂಟೆ ಬಿಳಿಯ ಪುಟದ ಮೇಲಿನ ಕಪ್ಪು ಅಕ್ಷರಗಳನ್ನು ನೋಡುವವನಿಗೆ ಲ್ಯಾಪ್‌ಟಾಪ್ ಎಂದರೆ ಮೊದಲು ಪರದೆ, ಆಮೇಲೆ ಡಿಸ್ಕು. ಪ್ರೊಸೆಸರ್ ಯಾವುದು ಎಂಬುದು ನನಗೆ ಬಹಳ ಕೆಳಗಿನ ಪ್ರಶ್ನೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೇ ಯಂತ್ರವನ್ನು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮಾದರಿಯ ಹೆಸರನ್ನು ಬರೆಯುವುದರಿಂದ ಓದುಗರಿಗೆ ಹೆಚ್ಚಿನ ಉಪಯೋಗವಿಲ್ಲ, ಏಕೆಂದರೆ ಒಂದೇ ಹೆಸರಿನ ಡಬ್ಬಿಯೊಳಗೆ ಮೂರು ಬಗೆಯ ಪರದೆಗಳು ಬರುತ್ತವೆ, ಒಳಗಿನ ಎಸ್‌ಎಸ್‌ಡಿಯಂತೂ (ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಕಡತ ಉಳಿಸುವ ಡಿಸ್ಕು) ಯಾವ ತಯಾರಿಕೆಯದೆಂದು ಡಬ್ಬಿಯ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಆಯ್ಕೆ ಮಾಡಬೇಕಾದದ್ದು ಹೆಸರನ್ನಲ್ಲ, ಆ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಸಾಲುಗಳನ್ನು.

ನನ್ನ ಹಳೆಯ ಲ್ಯಾಪ್‌ಟಾಪಿನದು 15.6 ಇಂಚಿನ, ಟಿಎನ್ ಎಂಬ ಅಗ್ಗದ ಬಗೆಯ ಪರದೆ, 1366×768 ಪಿಕ್ಸೆಲ್. ಅದರ ಜೊತೆಗೆ ನಿಮಿಷಕ್ಕೆ 5400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಗುಂಡಿ ಒತ್ತಿ, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಚಹಾ ಸೋಸಿಕೊಂಡು ಬಂದು ಕುಳಿತರೂ ಡಿಸ್ಕಿನ ದೀಪ ಮಿಣುಕುತ್ತಲೇ ಇರುತ್ತಿತ್ತು. ಆ ಕಾಯುವಿಕೆಗೆ ನಾನು ಒಗ್ಗಿಕೊಂಡಿದ್ದೆ. ಒಗ್ಗಿಕೊಳ್ಳಲು ಆಗದೆ ಉಳಿದದ್ದು ಅಕ್ಷರಗಳ ಸ್ಥಿತಿ.

ಕನ್ನಡದ ಪುಟವನ್ನು ಪರದೆಯ ಮೇಲೆ ತಿದ್ದುವವರಿಗೆ ಈ ಕಷ್ಟ ಗೊತ್ತಿರುತ್ತದೆ. ಪುಸ್ತಕದ ಒಡಲಿಗೆ ಸಾಮಾನ್ಯವಾಗಿ ಬಳಸುವ 11 ಪಾಯಿಂಟಿನ ಅಕ್ಷರವನ್ನು ಕಾಗದದಲ್ಲಿರುವಷ್ಟೇ ಗಾತ್ರದಲ್ಲಿ ತೋರಿಸಲು ಆ ಹಳೆಯ ಪರದೆಗೆ ಸಿಗುತ್ತಿದ್ದುದು ಸುಮಾರು 15 ಪಿಕ್ಸೆಲ್ ಎತ್ತರ. ಅಷ್ಟರೊಳಗೆ ತಲೆಕಟ್ಟು, ಗುಣಿಸು, ಅಕ್ಷರದ ಒಡಲು, ಕೆಳಗೆ ಒತ್ತು ಎಲ್ಲವೂ ಹಿಡಿಸಬೇಕು. ‘ಅರ್ಥ’ ಮತ್ತು ‘ಅರ್ಧ’ ಎಂಬೆರಡನ್ನು ಬೇರ್ಪಡಿಸುವುದು ಅಕ್ಷರದ ಹೊಟ್ಟೆಯೊಳಗಿನ ಒಂದು ಚುಕ್ಕೆ. ಆ ಚುಕ್ಕೆಗೆ ಹಳೆಯ ಪರದೆಯಲ್ಲಿ ಒಂದು ಪಿಕ್ಸೆಲ್ ಸಿಕ್ಕರೆ ಹೆಚ್ಚು. ಇನ್ನು ‘ಅವಸ್ಥೆ’ಯನ್ನು ‘ಅವಸ್ಧೆ’ ಎಂದು ಬೆರಳಚ್ಚು ಮಾಡಿದ್ದರೆ, ಆ ತಪ್ಪು ಇರುವುದು ಒತ್ತಕ್ಷರದೊಳಗೆ, ಅರ್ಧ ಗಾತ್ರದಲ್ಲಿ. ಅದನ್ನು ಪರದೆಯ ಮೇಲೆ ಹಿಡಿಯಬೇಕಾದರೆ ಪ್ರತಿ ಪುಟವನ್ನೂ ಎರಡರಷ್ಟು ಹಿಗ್ಗಿಸಿ, ಸಾಲಿನಿಂದ ಸಾಲಿಗೆ ಅತ್ತಿತ್ತ ಸರಿಸುತ್ತಾ ಓದಬೇಕಾಗುತ್ತಿತ್ತು. ಹಾಗೆ ಓದಿದಾಗ ಅಕ್ಷರ ಕಾಣುತ್ತದೆ, ವಾಕ್ಯ ಕಾಣುವುದಿಲ್ಲ.

ಹೊಸದಕ್ಕೆ ನನ್ನ ಮುಂದೆ ಮೂರು ಪರದೆಗಳಿದ್ದವು, ಮೂರೂ 14 ಇಂಚಿನವು, ಮೂರೂ 16:10ರ ಪ್ರಮಾಣದವು. ಮೊದಲನೆಯದು 1920×1200ರ ಐಪಿಎಸ್ (ಓರೆಯಾಗಿ ನೋಡಿದರೂ ಬಣ್ಣ ಹೆಚ್ಚು ಕೆಡದ ಬಗೆ), 300 ನಿಟ್ಸ್ ಬೆಳಕು, ಬಣ್ಣದ ವ್ಯಾಪ್ತಿ ಎನ್‌ಟಿಎಸ್‌ಸಿ ಎಂಬ ಅಳತೆಯ ಶೇ. 45. ಎರಡನೆಯದು ಅಷ್ಟೇ ಪಿಕ್ಸೆಲ್‌ಗಳದ್ದು, ಆದರೆ 400 ನಿಟ್ಸ್ ಬೆಳಕು ಮತ್ತು ಎಸ್‌ಆರ್‌ಜಿಬಿ ಎಂಬ ಇನ್ನೊಂದು ಅಳತೆಯ ಶೇ. 100 ಬಣ್ಣ. ಮೂರನೆಯದು 2880×1800ರ ಹೊಳಪಿನ ಓಎಲ್‌ಇಡಿ. ಅಂಗಡಿಯಲ್ಲಿ ನಿಂತು ನೋಡಿದರೆ ಮೂರನೆಯದರಿಂದ ಕಣ್ಣು ಕೀಳಲಾಗುವುದಿಲ್ಲ. ನಾನು ತೆಗೆದುಕೊಂಡದ್ದು ಎರಡನೆಯದನ್ನು, ಮತ್ತು ಅದರ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೊದಲ ಕಾರಣ ತಂತ್ರಾಂಶ. ಕನ್ನಡದ ಅನೇಕ ಪ್ರಕಾಶಕರು ಇಂದಿಗೂ ಕಳುಹಿಸುವ ಕಡತಗಳು ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನವು, ಅದರಲ್ಲಿಯೂ ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ (ಲ್ಯಾಟಿನ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು) ಇರುವಂಥವು. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಒತ್ತೊತ್ತಾಗಿ ಪಿಕ್ಸೆಲ್‌ಗಳಿರುವ ಪರದೆಗಳ ಕಲ್ಪನೆಯೇ ಆಗ ಅದಕ್ಕಿರಲಿಲ್ಲ. ವಿಂಡೋಸ್ ಇಂಥ ತಂತ್ರಾಂಶದ ಕಿಟಕಿಯನ್ನು ಚಿತ್ರದಂತೆ ಹಿಗ್ಗಿಸಿ ತೋರಿಸುತ್ತದೆ, ಅಕ್ಷರಗಳ ಅಂಚು ಮಸುಕಾಗುತ್ತದೆ. ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟಕ್ಕೆ ಹೋಗಿ, ಹೈ ಡಿಪಿಐ ಸೆಟ್ಟಿಂಗ್ಸ್‌ನಲ್ಲಿ ಹಿಗ್ಗಿಸುವ ಕೆಲಸವನ್ನು ಅಪ್ಲಿಕೇಶನ್‌ಗೇ ಬಿಟ್ಟರೆ ಮಸುಕು ಹೋಗುತ್ತದೆ, ಆದರೆ ಮೆನುಗಳು ಮತ್ತು ಉಪಕರಣಗಳ ಗುಂಡಿಗಳು ಚಿಕ್ಕದಾಗುತ್ತವೆ. 1920×1200ರಲ್ಲಿ ಅವು ಚಿಕ್ಕದಾದರೂ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. 2880×1800ರಲ್ಲಿ ಮೆನುವಿನ ಸಾಲನ್ನು ಓದಲು ಮುಖವನ್ನು ಪರದೆಯ ಹತ್ತಿರಕ್ಕೆ ಒಯ್ಯಬೇಕು. ಎಲ್ಲ ಭಾಷೆಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಪೇಜ್‌ಮೇಕರ್‌ನ ನಂತರದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಮಾತ್ರ ಕೆಲಸ ಮಾಡುವವರಿಗೆ ಈ ಅಡ್ಡಿ ಇಲ್ಲ, ಅವರು ಹೆಚ್ಚಿನ ಪಿಕ್ಸೆಲ್‌ಗಳನ್ನು ನಿಶ್ಚಿಂತೆಯಿಂದ ಆರಿಸಬಹುದು.

ಎರಡನೆಯ ಕಾರಣ ನಾನು ಕೂಡುವ ಜಾಗ. ನನ್ನ ಮೇಜು ಪಶ್ಚಿಮದ ಕಿಟಕಿಗೆ ಬೆನ್ನು ಮಾಡಿದೆ. ಹೊಳಪಿನ ಪರದೆಯಲ್ಲಿ ಕಪ್ಪು ಎಷ್ಟು ಗಾಢವೋ ಅಷ್ಟೇ ಚೆನ್ನಾಗಿ ಕಿಟಕಿಯ ಸರಳುಗಳೂ ತಿರುಗುವ ಫ್ಯಾನೂ ಅದರಲ್ಲಿ ಕಾಣುತ್ತವೆ. ಮಂದ ಮೇಲ್ಮೈಯ ಐಪಿಎಸ್‌ನಲ್ಲಿ ಆ ತೊಂದರೆ ಬಹುಮಟ್ಟಿಗೆ ಇಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವುದರಿಂದ ಪೂರ್ತಿ ಬಿಳಿಯ ಪುಟ ತೋರಿಸಲು ಅದಕ್ಕೆ ಹೆಚ್ಚು ವಿದ್ಯುತ್ ಬೇಕು. ಮಳೆಗಾಲದಲ್ಲಿ ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ದಿನವಿಡೀ ಒಂದೇ ಟಾಸ್ಕ್‌ಬಾರ್, ಒಂದೇ ಉಪಕರಣ ಪಟ್ಟಿ ನಿಂತಲ್ಲೇ ನಿಂತಿರುವ ಕೆಲಸದಲ್ಲಿ ಅವುಗಳ ನೆರಳು ಪರದೆಯ ಮೇಲೆ ಕಾಯಂ ಉಳಿದುಬಿಡುವ ಭಯವೂ ಇದೆ. ಹಲವು ಓಎಲ್‌ಇಡಿ ಪರದೆಗಳು ಬೆಳಕನ್ನು ತಗ್ಗಿಸುವುದು ಬಹು ವೇಗವಾಗಿ ಆರಿ ಹತ್ತುವ ಮೂಲಕ. ಕೆಲವರ ಕಣ್ಣಿಗೆ ಅದು ಆಗಿಬರುವುದಿಲ್ಲ.

ಮೊದಲನೆಯ, ಅಗ್ಗದ ಪರದೆಯನ್ನು ಬಿಟ್ಟದ್ದು ಬಣ್ಣಕ್ಕಾಗಿ. ಎನ್‌ಟಿಎಸ್‌ಸಿಯ ಶೇ. 45 ಎಂದರೆ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ. ಮುಖಪುಟದ ಕುಂಕುಮ ಕೆಂಪು ಅದರಲ್ಲಿ ಹಳೆಯ ಇಟ್ಟಿಗೆಯಂತೆ ಕಾಣುತ್ತದೆ. ಅಂಥ ಪರದೆಯನ್ನು ನಂಬಿ ಬಣ್ಣ ಹೊಂದಿಸಿದರೆ ಮುದ್ರಣಾಲಯದಿಂದ ಬಂದ ಪ್ರತಿ ಕಣ್ಣು ಕುಕ್ಕುತ್ತದೆ. ಎರಡು ಐಪಿಎಸ್‌ಗಳ ನಡುವಿನ ಬೆಲೆಯ ಅಂತರ ನಾನು ಕೊಟ್ಟ ಒಟ್ಟು ಹಣದ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಮತ್ತು ಪರದೆಯನ್ನು ಆಮೇಲೆ ಬದಲಿಸಿಕೊಳ್ಳುವ ಮಾತು ನಮ್ಮಲ್ಲಿ ಬಾಯಿಮಾತಷ್ಟೇ. ಖರೀದಿಯ ದಿನ ಯಾವುದು ಬಂತೋ ಯಂತ್ರದ ಆಯುಷ್ಯ ಮುಗಿಯುವವರೆಗೆ ಅದೇ.

15.6ರಿಂದ 14 ಇಂಚಿಗೆ ಇಳಿದರೆ ಪುಟ ಚಿಕ್ಕದಾಗುತ್ತದೆ ಎಂದು ಹೆದರುವವರಿಗೆ ಒಂದು ಲೆಕ್ಕ. 16:9ರ 15.6 ಇಂಚಿನ ಪರದೆಯ ಎತ್ತರ ಸುಮಾರು 194 ಮಿಲಿಮೀಟರ್, 16:10ರ 14 ಇಂಚಿನದು ಸುಮಾರು 188. ಅಗಲ ಹೋಗುತ್ತದೆ, ಎತ್ತರ ಹೋಗುವುದಿಲ್ಲ. ಪುಸ್ತಕದ ಪುಟಕ್ಕೆ ಬೇಕಾದದ್ದು ಎತ್ತರವೇ.

ಈಗ ನನ್ನ ಬೆಳಗಿನ ಕೆಲಸ ಹೀಗೆ ನಡೆಯುತ್ತದೆ. ಮುಚ್ಚಳ ಎತ್ತಿದ ಕ್ಷಣದಲ್ಲಿಯೇ ನಿನ್ನೆ ಬಿಟ್ಟ ಪುಟ ಎದುರಿಗಿರುತ್ತದೆ. ಎಡಕ್ಕೆ ಮೂಲ ಪುಸ್ತಕದ ಸ್ಕ್ಯಾನ್, ಬಲಕ್ಕೆ ಹೊಸ ಅಚ್ಚುಜೋಡಣೆ. ಬಿಸಿಲು ಏರುವ ಮೊದಲು ಬೆಳಕನ್ನು ಅರ್ಧಕ್ಕೂ ಕೆಳಗಿಟ್ಟು, ಒಂದು ಸಾಲನ್ನು ಎಡದಲ್ಲಿ ಓದಿ ಅದೇ ಸಾಲನ್ನು ಬಲದಲ್ಲಿ ಓದುತ್ತೇನೆ. 11 ಪಾಯಿಂಟಿನ ಅಕ್ಷರಕ್ಕೆ ಈಗ ಸುಮಾರು 25 ಪಿಕ್ಸೆಲ್ ಇದೆ. ಥಕಾರದ ಚುಕ್ಕೆ ಚುಕ್ಕೆಯಾಗಿಯೇ ಇದೆ, ಹೊಟ್ಟೆ ಸೀಳಿದ ಧಕಾರದ ಗೀರು ಗೀರಾಗಿಯೇ ಇದೆ, ‘ಸ್ತ್ರೀ’ಯ ಎರಡು ಒತ್ತುಗಳು ಒಂದರ ಮೇಲೊಂದು ಬೀಳದೆ ತಮ್ಮ ತಮ್ಮ ಜಾಗದಲ್ಲಿ ನಿಂತಿವೆ. ಪುಟವನ್ನು ಹಿಗ್ಗಿಸುವ ಅಗತ್ಯ ಬಹುತೇಕ ಬೀಳುವುದಿಲ್ಲವಾದ್ದರಿಂದ ಕಣ್ಣು ಮತ್ತೆ ವಾಕ್ಯಕ್ಕೆ ಹೊಂದಿಕೊಂಡಿದೆ. ಕ್ರಿಯಾಪದದ ವಚನ ತಪ್ಪಿದ್ದು, ಹಿಂದಿನ ಪ್ಯಾರಾದ ಮಾತು ಮರಳಿ ಬಂದದ್ದು ಕೂಡ ಪರದೆಯ ಮೇಲೆಯೇ ಸಿಗುತ್ತದೆ. ಮೊದಲು ಪ್ರತಿ ಪುಸ್ತಕಕ್ಕೂ ಎರಡು ಬಾರಿ ಕಾಗದದ ಮೇಲೆ ಕರಡು ತೆಗೆಯುತ್ತಿದ್ದೆ, ಈಗ ಕೊನೆಯದೊಂದು ಸಾಕು. ಪರದೆಗೆ ಹಾಕಿದ ಹಣದಿಂದ ನಾನು ನಿರೀಕ್ಷಿಸಿದ್ದು ಕಣ್ಣಿನ ಆಯಾಸ ಕಡಿಮೆಯಾಗಬಹುದೆಂದು ಮಾತ್ರ. ಓದುವ ಸುಖ ಮರಳಿ ಬರುತ್ತದೆ ಎಂದು ನಿರೀಕ್ಷಿಸಿರಲಿಲ್ಲ.

ಡಿಸ್ಕಿನ ವಿಷಯದಲ್ಲಿ ಇಷ್ಟು ಸಂತೋಷದಿಂದ ಬರೆಯಲಾರೆ.

ಈ ಮಾದರಿಗೆ 512 ಜಿಬಿ ಅಥವಾ 1 ಟಿಬಿ ಎಂಬ ಎರಡು ಆಯ್ಕೆಗಳಿದ್ದವು. 1 ಟಿಬಿಗೆ ಕಂಪನಿ ಕೇಳುತ್ತಿದ್ದ ಹೆಚ್ಚುವರಿ ಹಣಕ್ಕೆ ಹೊರಗಡೆ ಹೆಚ್ಚೂಕಡಿಮೆ ಅಂಥ ಎರಡು ಎಸ್‌ಎಸ್‌ಡಿಗಳು ಆಗ ಸಿಗುತ್ತಿದ್ದವು. ಆದ್ದರಿಂದ 512 ಜಿಬಿಯದನ್ನೇ ತೆಗೆದುಕೊಂಡೆ, ಡಿಸ್ಕನ್ನು ಬೋರ್ಡಿಗೆ ಬೆಸುಗೆ ಹಾಕಿಲ್ಲ, ಎಂ.2 ಗೂಡಿನಲ್ಲಿ ಕೂರಿಸಿದ್ದಾರೆ ಎಂಬುದನ್ನು ಖಾತ್ರಿ ಮಾಡಿಕೊಂಡೆ. ಅದು ಯಾವ ಬಗೆಯ ಎಸ್‌ಎಸ್‌ಡಿ ಎಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಕೇಳಿದಾಗ ಬಂದ ಉತ್ತರ: ‘ಎಸ್‌ಎಸ್‌ಡಿ ಅಂದಮ್ಯಾಲ ಎಲ್ಲಾ ಒಂದ ರೀ ಸರ.’

ಎಲ್ಲವೂ ಒಂದಲ್ಲ. ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ ನಾನು ಪುಟಗಳನ್ನು 600 ಡಿಪಿಐನಲ್ಲಿ ಬೂದುಬಣ್ಣದ ಟಿಫ್ ಕಡತಗಳಾಗಿ ಸ್ಕ್ಯಾನ್ ಮಾಡಿಸುತ್ತೇನೆ. ಡೆಮಿ 1/8ರ (ಪುಸ್ತಕದ ಸಾಮಾನ್ಯ ಗಾತ್ರ) ಒಂದು ಪುಟ ಸುಮಾರು 17 ಎಂಬಿ, 300 ಪುಟದ ಪುಸ್ತಕ ಸುಮಾರು 5 ಜಿಬಿ. ಇಂಥ ಹತ್ತು ಪುಸ್ತಕಗಳ ಕಡತಕೋಶವನ್ನು ನಕಲು ಮಾಡತೊಡಗಿದರೆ ಮೊದಮೊದಲು ವೇಗ ಸೊಗಸಾಗಿ ಇರುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಹಳೆಯ ಹಾರ್ಡ್ ಡಿಸ್ಕಿನ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಕುಸಿಯುತ್ತಿತ್ತು. ಕಾರಣ ಅದು ಕ್ಯೂಎಲ್‌ಸಿ ಬಗೆಯದು. ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವುದರಿಂದ ಬರೆಯುವ ಕೆಲಸ ನಿಧಾನ. ಆ ನಿಧಾನವನ್ನು ಮರೆಮಾಡಲು ಖಾಲಿ ಕೋಶಗಳ ಒಂದು ಭಾಗವನ್ನು ಕೋಶಕ್ಕೊಂದೇ ಬಿಟ್‌ನಂತೆ ವೇಗವಾಗಿ ತುಂಬಿ, ಬಿಡುವಾದಾಗ ಒಳಗೆ ಸರಿಸಿಕೊಳ್ಳುತ್ತದೆ. ಖಾಲಿ ಜಾಗ ಕಡಿಮೆಯಾದಂತೆ ಈ ವೇಗದ ಭಾಗವೂ ಕುಗ್ಗುತ್ತದೆ. ವಿಂಡೋಸ್‌ನಲ್ಲಿ 476 ಜಿಬಿ ಎಂದು ಕಾಣುವ ಈ 512 ಜಿಬಿ ಡಿಸ್ಕು ಮುಕ್ಕಾಲು ತುಂಬಿದ ಮೇಲೆ ನನ್ನ ಕೆಲಸಕ್ಕೆ ಅದು ಸಾಲದಾಯಿತು. ಪತ್ರ, ಲೆಕ್ಕ, ಸಿನಿಮಾ ನೋಡುವವರಿಗೆ ಈ ದೋಷ ಎಂದೂ ಕಾಣಲಿಕ್ಕಿಲ್ಲ. ಆದರೆ ವಿವರಪಟ್ಟಿಯಲ್ಲಿ ‘512 ಜಿಬಿ ಎನ್‌ವಿಎಂಇ’ ಎಂದಷ್ಟೇ ಬರೆದು ಉಳಿದದ್ದನ್ನು ಹೇಳದೆ ಬಿಡುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ, ಮತ್ತು ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಕೊನೆಗೆ ಕೋಶಕ್ಕೆ ಮೂರು ಬಿಟ್‌ನ ಟಿಎಲ್‌ಸಿ ಬಗೆಯ 1 ಟಿಬಿ ಡಿಸ್ಕನ್ನು ಸುಮಾರು ಆರು ಸಾವಿರ ರೂಪಾಯಿಗೆ ತರಿಸಿ ಹಾಕಿಕೊಂಡೆ. 2025ರ ಕೊನೆಯ ಹೊತ್ತಿಗೆ ಮೆಮೊರಿ ಚಿಪ್‌ಗಳ ಬೆಲೆ ಏರಿದ್ದರಿಂದ ಇಂದು ಆ ಬೆಲೆಯನ್ನು ನೆಚ್ಚಿಕೊಳ್ಳಬೇಡಿ. ಕೆಳಗಿನ ಮುಚ್ಚಳ ಬಿಚ್ಚಿ, ಒಂದು ತಿರುಪು ತೆಗೆದು, ಹೊಸದನ್ನು ಓರೆಯಾಗಿ ತೂರಿಸಿ ಒತ್ತಿದರೆ ಮುಗಿಯಿತು. ನಿಮ್ಮ ಯಂತ್ರದ ಗೂಡು 80 ಮಿಲಿಮೀಟರ್ ಉದ್ದದ್ದೋ (2280) 42 ಮಿಲಿಮೀಟರ್‌ನದೋ (2242) ಎಂದು ಮೊದಲೇ ನೋಡಿಕೊಳ್ಳಬೇಕು ಅಷ್ಟೆ. ಅದಕ್ಕೂ ಮುಂಚೆ ಮಾಡಲೇಬೇಕಾದ ಒಂದು ಕೆಲಸವಿದೆ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಗೂಢಲಿಪೀಕರಣ (ಎನ್‌ಕ್ರಿಪ್ಶನ್) ನಮಗೆ ಅರಿವಿಲ್ಲದೆಯೇ ಚಾಲೂ ಆಗಿರಬಹುದು. ಯಂತ್ರ ಬಿಚ್ಚುವ ಮೊದಲು ಅದನ್ನು ತಡೆಹಿಡಿದು, ಬೀಗ ಬಿದ್ದ ಡಿಸ್ಕನ್ನು ತೆರೆಯಲು ಬೇಕಾಗುವ 48 ಅಂಕಿಗಳ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದಕ್ಕೆ ಇಳಿಸಿಕೊಳ್ಳಿ. ಹಾಗೆಯೇ ಹಳೆಯ ಯಂತ್ರದಿಂದ ಡಾಕ್ಯುಮೆಂಟ್ಸ್ ಕೋಶವನ್ನು ಮಾತ್ರ ತಂದರೆ ಸಾಲದು, ಫಾಂಟುಗಳನ್ನೂ ತನ್ನಿ. ನುಡಿಯ ಆ ನಿರ್ದಿಷ್ಟ ಫಾಂಟು ಇಲ್ಲದಿದ್ದರೆ ಇಡೀ ಪುಸ್ತಕ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲುಗಳಾಗಿ ತೆರೆದುಕೊಳ್ಳುತ್ತದೆ.

ಹಳೆಯ ಹಾರ್ಡ್ ಡಿಸ್ಕನ್ನು ನಾನು ಮಾರಲಿಲ್ಲ. ಕೆಲವು ನೂರು ರೂಪಾಯಿಯ ಯುಎಸ್‌ಬಿ ಪೆಟ್ಟಿಗೆಯೊಳಗೆ ಅದು ಈಗ ಬ್ಯಾಕಪ್ಪಿನ ಕೆಲಸ ಮಾಡುತ್ತಿದೆ. ಶನಿವಾರ ಸಂಜೆ ಮೇಜಿನ ಮೇಲೆ ಬಟ್ಟೆ ಹಾಸಿ, ಅದನ್ನಿಟ್ಟು, ತಿರುಗುವ ಸದ್ದು ಒಂದೇ ಸಮನಾದ ಮೇಲೆ ವಾರದ ಕೆಲಸವನ್ನು ನಕಲಿಸುತ್ತೇನೆ. ತಿರುಗುತ್ತಿರುವಾಗ ಅದನ್ನು ಯಾರೂ ಮುಟ್ಟುವಂತಿಲ್ಲ. ಹಾರ್ಡ್ ಡಿಸ್ಕು ಕೆಡುವ ಮೊದಲು ಬಹಳ ಸಲ ಕಟಕಟ ಸದ್ದು ಮಾಡಿಯೋ ನಿಧಾನವಾಗಿಯೋ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಅನೇಕ ವೇಳೆ ಏನೂ ಹೇಳದೆ ನಿಂತುಬಿಡುತ್ತದೆ, ಅದರಲ್ಲಿ ಅಳಿಸಿಹೋದದ್ದನ್ನು ಮರಳಿ ಪಡೆಯುವುದೂ ಬಹಳ ಕಷ್ಟ. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿ ಇಟ್ಟರೆ ಅದರೊಳಗಿನ ವಿದ್ಯುದಂಶ ಸೋರುವ ಸಾಧ್ಯತೆಯೂ ಇದೆ. ಲೇಖಕರ ಹಸ್ತಪ್ರತಿಯ ಸ್ಕ್ಯಾನ್‌ಗಳಿಗೆ ಆದ್ದರಿಂದ ಇನ್ನೊಂದು ಪೋರ್ಟಬಲ್ ಡಿಸ್ಕಿನಲ್ಲಿ ಮೂರನೆಯ ಪ್ರತಿಯನ್ನೂ ಇಟ್ಟಿದ್ದೇನೆ.

ಇಂದು ಮತ್ತೆ ಕೊಳ್ಳುವುದಾದರೂ ಪರದೆಯ ಆಯ್ಕೆ ಇದೇ. ಡಿಸ್ಕಿನಲ್ಲಿ ಮಾತ್ರ ಎರಡು ಎಂ.2 ಗೂಡುಗಳಿರುವ ಯಂತ್ರವನ್ನು ಹುಡುಕುತ್ತೇನೆ, ಅದು ನೂರಿನ್ನೂರು ಗ್ರಾಂ ಭಾರವಾದರೂ ಸರಿ. ಪರದೆ ನೋಡಲು ಅಂಗಡಿಗೆ ಹೋಗುವವರು ನಿಮ್ಮದೇ ಕೆಲಸದ ಒಂದು ಪಿಡಿಎಫ್ಫನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, 11 ಪಾಯಿಂಟಿನ ಕನ್ನಡ ಪುಟವನ್ನು ತೆರೆದು ಒತ್ತಕ್ಷರಗಳನ್ನು ನೋಡಿ, ಮತ್ತು ಪ್ರದರ್ಶನಕ್ಕೆ ಇಟ್ಟ ಯಂತ್ರದ ಪೂರ್ತಿ ಮಾದರಿ ಸಂಖ್ಯೆ ನಿಮಗೆ ಕೊಡುವ ಡಬ್ಬಿಯ ಮೇಲಿನ ಸಂಖ್ಯೆಯೊಡನೆ ಕೊನೆಯ ಅಕ್ಷರದವರೆಗೂ ಕೂಡಿಬರುತ್ತದೆಯೇ ಎಂದು ಓದಿ ನೋಡಿದ ಮೇಲೆಯೇ ಹಣ ಕೊಡಿ.