ಗರಸಿಗೆ ಬುಲೆಟ್ ಹಲ್ಲು, ಎರೆಗೆ ಚಪ್ಪಟೆ ಹಲ್ಲು: 3 ವರ್ಷದ ಆಗರ್ ಅನುಭವ

ನನ್ನದು 3 ಟನ್ನಿನ ಮಿನಿ ಹಿಟಾಚಿ. ಅದರ ತೋಳಿಗೆ ಆಗರ್, ಅಂದರೆ ತಿರುಗುತ್ತಾ ಗುಂಡಿ ಕೊರೆಯುವ ಸಾಧನ, ಹಾಕಿಕೊಂಡಿದ್ದೇನೆ. ಹಿರಿಯೂರು ಸುತ್ತಮುತ್ತ ಬೇಲಿಯ ಕಲ್ಲುಕಂಬಕ್ಕೆ ಗುಂಡಿ ತೋಡುವುದೇ ಹೆಚ್ಚಿನ ಕೆಲಸ. ಗುಂಡಿಗೆ ಇಷ್ಟು ಅಂತ ದುಡ್ಡು, ಗಂಟೆ ಲೆಕ್ಕ ಇಲ್ಲ. ಆಗರ್‌ನ ಬಿಟ್, ಅಂದರೆ ನೆಲ ಕೊರೆಯುವ ಹಲ್ಲಿನ ತಿರುಪು, ನಿಧಾನವಾದರೆ ನಷ್ಟ ನನಗೇ.

ಮೊದಲು ಕೊಂಡದ್ದು 12 ಇಂಚಿನ ಮಣ್ಣಿನ ಬಿಟ್. ಚಪ್ಪಟೆ ಹಲ್ಲು, ನಡುವೆ ಮೀನಿನ ಬಾಲದಂತೆ ಸೀಳಿದ ಮೊನೆ. ಎಲ್ಲಾ ನೆಲಕ್ಕೂ ಆಗುತ್ತೆ ಅಂದಿದ್ದರು ಅಂಗಡಿಯವರು. ಕೆಂಪು ಮಣ್ಣಿನಲ್ಲಿ ಬೆಣ್ಣೆಯ ಹಾಗೆ ಇಳಿಯುತ್ತಿತ್ತು. ಎರಡಡಿ ಕೆಳಗೆ ಗರಸು ಸಿಕ್ಕಿತು ನೋಡಿ, ತೊಂದರೆ ಶುರುವಾಯಿತು. ಮೂರನೇ ತೋಟ ಮುಗಿಯುವ ಹೊತ್ತಿಗೆ ಮೊನೆ ಮೊಂಡಾಗಿತ್ತು. ಮೊನೆ ಹೋದರೆ ಬಿಟ್ ಗುರುತು ಹಾಕಿದ ಜಾಗದಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಓಡುತ್ತದೆ. ಭಾರವೆಲ್ಲ ಹೊರಗಿನ ಹಲ್ಲುಗಳ ಮೇಲೆ ಬೀಳುತ್ತದೆ. ನಾನು ಬೂಮ್ (ಗಾಡಿಯ ತೋಳು) ಒತ್ತಿ ಒತ್ತಿ ಕೆಲಸ ಮುಗಿಸಿದೆ. ಅದು ದೊಡ್ಡ ತಪ್ಪು. ಹಲ್ಲು ಕೂರುವ ಹೋಲ್ಡರ್‌ಗಳೇ ತೇದುಹೋದವು, ವೆಲ್ಡಿಂಗ್ ಮಾಡಿಸಬೇಕಾಯಿತು.

ಮೊನೆ ಕೇಳಿಕೊಂಡು ಹೋದರೆ, "ಬಿಡಿಯಾಗಿ ಸಿಗಲ್ಲ, ಹೊಸ ಬಿಟ್ಟೇ ತಗೊಳ್ಳಿ ಅಣ್ಣ" ಅಂದರು. ಸವೆಯುವುದಕ್ಕೆ ಅಂತಲೇ ಮಾಡಿದ ಭಾಗ ಅದು. ಅದನ್ನೇ ಇಟ್ಟುಕೊಳ್ಳದೆ ಬಿಟ್ ಮಾರಿದರೆ ಹೇಗೆ? ಇವತ್ತಿಗೂ ನನಗೆ ಆ ಬೇಸರ ಹೋಗಿಲ್ಲ.

ಎರಡನೆಯದನ್ನು ಬೇರೆ ಕಡೆ ಕೊಂಡೆ. ಕಲ್ಲು ನೆಲದ ಬಿಟ್, ಬುಲೆಟ್ ಹಲ್ಲಿನದು. ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್. ಚಪ್ಪಟೆ ಹಲ್ಲು ಗರಸನ್ನು ಸುಮ್ನೆ ಕೆರೆಯುತ್ತಿತ್ತು, ಇದು ಒಡೆದು ಪುಡಿ ಮಾಡುತ್ತದೆ. ಈ ಹಲ್ಲು ಹೋಲ್ಡರ್ ಒಳಗೆ ತಾನೇ ತಿರುಗುತ್ತಿರುತ್ತದೆ. ಹಾಗಾಗಿ ಸುತ್ತಲೂ ಒಂದೇ ಸಮ ಸವೆದು ಚೂಪಾಗಿಯೇ ಉಳಿಯುತ್ತದೆ. ಮಣ್ಣು ತುಂಬಿ ಬಿಗಿದರೆ ಮಾತ್ರ ಒಂದೇ ಪಕ್ಕ ತೇದು ಹಾಳಾಗುತ್ತದೆ.

ಅದಕ್ಕೇ ದಿನಾ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಿಟ್ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಒಂದೊಂದು ಹಲ್ಲನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತೇನೆ. ಬಿಗಿಯಾಗಿದ್ದರೆ ನೀರು ಹಾಕಿ, ಹಳೇ ಬ್ರಷ್ಷಿನಲ್ಲಿ ಉಜ್ಜಿ, ಪಕ್ಕಕ್ಕೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತೇನೆ. ಕಾರ್ಬೈಡ್ ತುದಿಗೆ ಹೊಡೆಯಬಾರದು, ಚೂರು ಹಾರುತ್ತದೆ. ಎಲ್ಲಾ ಹಲ್ಲು ಸಲೀಸಾಗಿ ತಿರುಗಿದರೆ ಆ ದಿನದ ಕೆಲಸ ಅರ್ಧ ಮುಗಿದಷ್ಟು ಸಮಾಧಾನ.

ಇಷ್ಟು ಒಳ್ಳೆಯ ಬಿಟ್ ಎರೆಮಣ್ಣಿನಲ್ಲಿ ಸೋತುಹೋಯಿತು. ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಹಲ್ಲುಗಳ ಸಂದಿಗೆಲ್ಲ ಜಿಗುಟು ಮಣ್ಣು ಮೆತ್ತಿಕೊಂಡು ಬಿಟ್ ಒಂದು ಉಂಡೆಯಂತಾಯಿತು. ಮೂಲೆಯಲ್ಲಿ ಬಿದ್ದಿದ್ದ ಹಳೇ ಮಣ್ಣಿನ ಬಿಟ್ಟನ್ನು ಆಗ ಹೊರಗೆ ತೆಗೆದೆ. ಮೊನೆ ಬೇರೆ ಊರಿಂದ ತರಿಸಿ ಹಾಕಿದ್ದೆ. ಚಪ್ಪಟೆ ಹಲ್ಲು ಎರೆಯನ್ನು ಚೆನ್ನಾಗಿ ಸೀಳಿತು. ಒಂದೊಂದು ಅಡಿಗೂ ಮೇಲೆತ್ತಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿದರೆ ಮಣ್ಣು ಉದುರುತ್ತದೆ. ಅದನ್ನು ಅಷ್ಟು ದಿನ ಬೈದದ್ದು ತಪ್ಪು ಅನ್ನಿಸಿತು. ಗರಸಿಗೆ ಹಾಕಿದವನು ನಾನೇ ಅಲ್ವಾ.

ಒಮ್ಮೆ ಸಾಗರದ ಕಡೆ ಜಂಬಿಟ್ಟಿಗೆ ನೆಲಕ್ಕೂ ಹೋಗಿದ್ದೆ. ಮೇಲಿನ ಒಣ ಪದರ ಗಟ್ಟಿ, ಒಳಗೆ ಮೆದು. ಬುಲೆಟ್ ಹಲ್ಲು ಸಾಕಾಯಿತು. ಹಾಸುಬಂಡೆ ಬಂದರೆ ಎರಡೂ ಬೇಡ, ಬಂಡೆ ಒಡೆಯುವ ಬ್ರೇಕರ್ ಕರೆಸಿ.

ಒಂದೇ ಬಿಟ್‌ಗೆ ದುಡ್ಡಿದ್ದರೆ, ಗರಸು ಜಾಸ್ತಿ ಇರುವ ನಮ್ಮಂಥ ಕಡೆ ಬುಲೆಟ್ ಹಲ್ಲಿನದೇ ತಗೊಳ್ಳಿ. ದುಡ್ಡು ಕೊಡುವ ಮುಂಚೆ ಮೊನೆ, ಹಲ್ಲು ಬಿಡಿಯಾಗಿ ತೋರಿಸಿ ಅನ್ನಿ. ನನ್ನ ಸೀಟಿನ ಹಿಂದೆ ಈಗ ಎರಡು ಮೊನೆ, ಆರು ಹಲ್ಲು ಯಾವಾಗಲೂ ಇರುತ್ತವೆ.